ಸೋತವರು ಹಿಮ ಬಾಚಬೇಕು

ಒಟರ್ ಕ್ರೀಕ್, ಮಿಷಿಗನ್
ಅಕ್ಟೋಬರ್ ೨೮, ಭಾನುವಾರ ಮಧ್ಯಾಹ್ನ

ಪ್ರೀತಿಯ ಆರ್ವೊ,

"ಪ್ರೀತಿಯ" ಎಂದು ಬರೆಯಬೇಕೋ ಬೇಡವೋ ಅಂತ ಒಂದು ಕಪ್ ಕಾಫಿ ತಣ್ಣಗಾಗುವಷ್ಟು ಹೊತ್ತು ಯೋಚಿಸಿದೆ. ಈಗ ಬರೆದಾಯಿತು, ಇರಲಿ ಬಿಡು. ಮದುವೆಯಾದಾಗಿನಿಂದ ನಾನು ನಿನಗೆ ಒಂದು ಕಾಗದವನ್ನೂ ಬರೆದಿಲ್ಲ. ಬರೆಯುವ ಪ್ರಮೇಯವೇ ಬಂದಿರಲಿಲ್ಲ. ನಾನು ಅಡುಗೆಮನೆಯಿಂದ ಕೂಗುತ್ತಿದ್ದೆ, ನೀನು ಗ್ಯಾರೇಜಿನಲ್ಲಿ ಕೇಳಿಸಿದರೂ ಕೇಳಿಸದವನ ಹಾಗೆ ಇರುತ್ತಿದ್ದೆ, ಅಷ್ಟರಲ್ಲೇ ನಮ್ಮ ಸಂಸಾರ ಸಾಗಿಹೋಯಿತು. ಈಗ ನೀನು ಕೂತಿರುವ ಕಾಡಿನ ಬೇಟೆ ಕ್ಯಾಂಪಿನ ಗುಡಿಸಲಿಗೆ ಫೋನೂ ಇಲ್ಲ, ಅಂಚೆಯವನೂ ಬರುವುದಿಲ್ಲ. ಅದಕ್ಕೇ ಇದನ್ನು ಕೂಡುರಸ್ತೆಯ ಅಂಗಡಿಯ ಡೇಲ್ ಕೈಗೆ ಕೊಡುತ್ತೇನೆ. ನಾಳೆ ಸೋಮವಾರ, ನೀನು ಕಾಫಿಪುಡಿಗೆ ಬರುವ ದಿನ. ಡೇಲ್ ಇದನ್ನು ಬೆಳಕಿಗೆ ಹಿಡಿದು ನೋಡದೆ ನಿನ್ನ ಕೈಗೆ ಕೊಟ್ಟರೆ, ಅದು ಅವನ ಜೀವಮಾನದ ದೊಡ್ಡ ಸಾಧನೆ.

ಮೊದಲು ಮನೆಯ ಸುದ್ದಿ ಹೇಳಿಬಿಡುತ್ತೇನೆ. ಒಲೆಯ ಕೊಳವೆಯನ್ನು ನಾನೇ ಬಿಚ್ಚಿ ಮಸಿ ತೆಗೆದೆ. ಮತ್ತೆ ಜೋಡಿಸುವಾಗ ಒಂದು ಸ್ಕ್ರೂ ಉಳಿಯಿತು. ಎಲ್ಲಿಯದೋ ಗೊತ್ತಿಲ್ಲ, ಆದರೆ ಹೊಗೆ ಮಾತ್ರ ಮೇಲಕ್ಕೇ ಹೋಗುತ್ತಿದೆ. ಮುಂಬಾಗಿಲನ್ನು ಎರಡು ದಿನದಿಂದ ಬಳಸುತ್ತಿಲ್ಲ, ಹಿಂದಿನ ಬಾಗಿಲಿನಿಂದಲೇ ಓಡಾಡುತ್ತಿದ್ದೇನೆ. ಅದರ ಕಾರಣ ಆಮೇಲೆ ಹೇಳುತ್ತೇನೆ. ನಿನ್ನೆ ಶನಿವಾರವಾದ್ದರಿಂದ ಸೌನಾ ಕಾಯಿಸಿದೆ. ಒಬ್ಬಳ ಸ್ನಾನಕ್ಕೂ ಇಬ್ಬರ ಸ್ನಾನಕ್ಕೂ ಸೌದೆ ಅಷ್ಟೇ ಬೇಕು ಅನ್ನುವುದು ನನಗೆ ಗೊತ್ತಾದದ್ದೇ ಈ ವರ್ಷ. ಕಾದ ಕಲ್ಲಿನ ಮೇಲೆ ನೀರು ಚೆಲ್ಲಿದೆ, ಆವಿ ಏಳುತ್ತಿದ್ದ ಹಾಗೆ "ಸಾಕಾ, ಇನ್ನೂ ಬೇಕಾ?" ಅಂದೆ. ಬಾಯಿಗೆ ತಾನಾಗಿಯೇ ಬಂದುಬಿಟ್ಟಿತು. ಆಮೇಲೆ ಮೇಲಿನ ಹಲಗೆಯ ಮೇಲೆ ಕೂತು ಅತ್ತೆ. ಅಳುವುದಕ್ಕೆ ಸೌನಾ ಅನುಕೂಲದ ಜಾಗ, ಮುಖ ತೊಳೆದುಕೊಳ್ಳುವ ನೀರು ಪಕ್ಕದಲ್ಲೇ ಇರುತ್ತದೆ.

ಇನ್ನು ಚುನಾವಣೆಯ ವಿಷಯ. ಬೇಡ ಅಂತ ಕಾಗದ ಮಡಿಸಿಡಬೇಡ, ಓದು. ನಾಡಿದ್ದಲ್ಲ, ಅದರಾಚೆ ಮಂಗಳವಾರ ಮತದಾನ. ಊರಿನಲ್ಲಿ ಎಲ್ಲಿ ನೋಡಿದರೂ ಬೋರ್ಡುಗಳು. ಗವರ್ನರ್ ಆಗಲು ಹೊರಟಿರುವ ಇಬ್ಬರ ಹೆಸರೂ ಈಗ ಊರಿನ ನಾಯಿಗಳಿಗೂ ಗೊತ್ತು. ನಿನ್ನ ಪಕ್ಷದ ಜಡ್ಜಮ್ಮ ಕಾರ್ಲಾ ಡೈಕ್‌ಹೌಸ್, ನೀಲಿ ಕೋಟು, ಒಂದು ಕೂದಲೂ ಅಲ್ಲಾಡದ ತಲೆ. ನನ್ನ ಪಕ್ಷದ ಲಿಯಾನ್ ವಿಸ್ನೆವ್ಸ್ಕಿ, ಕಾರ್ಖಾನೆಯಲ್ಲಿ ದುಡಿದು ಮೇಲೆ ಬಂದ ಮನುಷ್ಯ, ಟೀವಿಯಲ್ಲಿ ಯಾವಾಗಲೂ ಅಂಗಿಯ ತೋಳು ಮಡಿಸಿಕೊಂಡೇ ಇರುತ್ತಾನೆ. ಅಷ್ಟು ಮಡಿಸುವವನು ಅರ್ಧ ತೋಳಿನ ಅಂಗಿಯನ್ನೇ ಯಾಕೆ ಕೊಳ್ಳಬಾರದು ಅಂತ ನೀನಿದ್ದಿದ್ದರೆ ಕೇಳುತ್ತಿದ್ದೆ. ನೀನು ಕೇಳಲಿಲ್ಲವೆಂದು ನಾನೇ ಕೇಳಿಕೊಂಡೆ.

ನಮ್ಮ ಅಂಗಳದಲ್ಲಿ ಎರಡು ಬೋರ್ಡೂ ಇವೆ. ಕಾರು ಬರುವ ದಾರಿಯ ಎಡಕ್ಕೆ ನನ್ನದು, ಬಲಕ್ಕೆ ನಿನ್ನದು, ಎಂದಿನ ಹಾಗೆ. ಮದುವೆಯಾದ ವರ್ಷವೇ ಗವರ್ನರ್ ಚುನಾವಣೆ ಇತ್ತಲ್ಲ, ಬೋರ್ಡು ಎಲ್ಲಿ ನೆಡಬೇಕು ಅಂತ ನಾವಿಬ್ಬರೂ ಅಂಗಳದ ಮಧ್ಯೆ ನಿಂತು ಊರಿಗೆಲ್ಲ ಕೇಳುವ ಹಾಗೆ ಜಗಳವಾಡಿದೆವು. ಕೊನೆಗೆ ನಿಮ್ಮಮ್ಮ ಕಿಟಕಿ ತೆಗೆದು, ಇಬ್ಬರೂ ಒಂದೊಂದು ಕಡೆ ನೆಟ್ಟುಕೊಳ್ಳಿ, ಯಾರ ಮನುಷ್ಯ ಸೋಲುತ್ತಾನೋ ಅವರು ಮುಂದಿನ ಚುನಾವಣೆಯವರೆಗೆ ಹಿಮ ಬಾಚಲಿ, ಗೆದ್ದವರು ಕಾಫಿ ಮಾಡಿಕೊಂಡು ಕಿಟಕಿಯಲ್ಲಿ ನಿಂತು ತಪ್ಪು ಹುಡುಕಲಿ, ಈಗ ಒಳಗೆ ಬನ್ನಿ ಅಂದರು. ಅವತ್ತು ಶುರುವಾದ ಪಂದ್ಯ. ಒಂದು ಸೋಲಿಗೆ ನಾಲ್ಕು ಚಳಿಗಾಲ. ನಮ್ಮಲ್ಲಿ ಹಿಮ ಹೇಗೆ ಬೀಳುತ್ತದೆ ಅಂತ ಗೊತ್ತಿಲ್ಲದವರಿಗೆ ಇದು ತಮಾಷೆ.

ಕಳೆದ ಸಲ ಸೋತವನು ನೀನು. ರಾತ್ರಿಯೆಲ್ಲ ಕೌಂಟಿಯ ದೊಡ್ಡ ಲಾರಿಯಲ್ಲಿ ಊರೂರಿನ ರಸ್ತೆಯ ಹಿಮ ತಳ್ಳಿ, ಬೆಳಿಗ್ಗೆ ಮನೆಗೆ ಬಂದು ಸಲಿಕೆ ಹಿಡಿದು ಸ್ವಂತ ಅಂಗಳದ ಹಿಮ ಬಾಚುತ್ತಿದ್ದೆ. ದಾರಿಯಲ್ಲಿ ಹೋಗುವವರೆಲ್ಲ ಕಾರು ನಿಧಾನ ಮಾಡಿ ಹಾರ್ನ್ ಹೊಡೆಯುತ್ತಿದ್ದರು. ನಾನು ಕಿಟಕಿಯ ಗಾಜು ತಟ್ಟಿ, ಬಲಗಡೆ ಅಂಚು ಸೊಟ್ಟಗಿದೆ ಅಂತ ಕೈ ತೋರಿಸುತ್ತಿದ್ದೆ. ನೀನು ಸಲಿಕೆ ಎತ್ತಿ ಹೆದರಿಸುತ್ತಿದ್ದೆ. ಕೆಲಸದಿಂದ ನಿವೃತ್ತನಾದ ಮೇಲೂ ಅದನ್ನು ಬಿಡಲಿಲ್ಲ. ಆರ್ವೊ, ಅದು ಜಗಳವಾಗಿರಲಿಲ್ಲ. ಅದು ಏನಾಗಿತ್ತು ಅಂತ ಆಗ ನನಗೂ ಹೆಸರು ಗೊತ್ತಿರಲಿಲ್ಲ.

ಆಮೇಲೆ ಮಾರ್ಚಿನಲ್ಲಿ ಯಾಲ್ಮರ್ ತೀರಿಹೋದ. ಅದನ್ನು ನಿನಗೆ ನಾನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಅದಾದ ಮೇಲೆ ನಾವಿಬ್ಬರೂ ಅವನ ಮಾತೇ ಎತ್ತಲಿಲ್ಲ. ಹುಡುಗರಾಗಿದ್ದಾಗಿನಿಂದ ನಿನ್ನ ಜೊತೆ ಮೀನು ಹಿಡಿದವನು, ಪ್ರತಿ ಶನಿವಾರ ನಮ್ಮ ಸೌನಾದಲ್ಲಿ ಬೆನ್ನು ಕಾಯಿಸಿದವನು. ಅವನ ಮನೆಯ ರಸ್ತೆಗೆ ಕೌಂಟಿಯವರು ಖರ್ಚು ಉಳಿಸಲು "ಚಳಿಗಾಲದಲ್ಲಿ ಹಿಮ ತೆಗೆಯಲಾಗುವುದಿಲ್ಲ" ಅನ್ನುವ ಹಳದಿ ಫಲಕ ಹಾಕಿದರು. ನೀನು ಲಾರಿ ಓಡಿಸುತ್ತಿದ್ದಷ್ಟು ದಿನ ಆ ರಸ್ತೆ ಒಂದು ಬೆಳಿಗ್ಗೆಯೂ ಮುಚ್ಚಿರಲಿಲ್ಲ. ಅವನಿಗೆ ಎದೆ ಹಿಡಿದುಕೊಂಡ ದಿನ ಆಂಬುಲೆನ್ಸ್ ರಸ್ತೆಯ ಬಾಯಲ್ಲೇ ನಿಂತಿತು. ನೀನು ನಮ್ಮ ಪಿಕಪ್ಪಿನ ಮೂತಿಗೆ ಹಿಮ ತಳ್ಳುವ ಸಣ್ಣ ಕಬ್ಬಿಣದ ಹಲಗೆ ಕಟ್ಟಿಕೊಂಡು ದಾರಿ ಮಾಡುತ್ತ ಮುಂದೆ ಹೋದೆ, ಅವರು ಹಿಂದೆ ಬಂದರು, ಅಷ್ಟರಲ್ಲಿ ತಡವಾಗಿತ್ತು. ನೀನು ಮನೆಗೆ ವಾಪಸು ಬಂದಾಗ ನಿನ್ನ ಕೈಗವಸು ಬಿಚ್ಚಲು ಆಗದೆ ನಾನೇ ಎಳೆದು ಬಿಚ್ಚಿದೆ.

ಆ ಆಂಬುಲೆನ್ಸಿನ ಹುಡುಗನ ಮೇಲೂ, ಕೌಂಟಿಯವರ ಮೇಲೂ ನೀನು ಕೂಗಾಡಲಿಲ್ಲ. ಕೂತು ನಿನ್ನ ಜಡ್ಜಮ್ಮನ ಪ್ರಚಾರ ಕಚೇರಿಗೆ ಬರೆದೆ, ನಿನ್ನ ಪಕ್ಷದವಳು, ಗವರ್ನರ್ ಆಗುತ್ತಾಳೆ, ರಸ್ತೆಯ ವಿಷಯ ಅವಳಿಗೆ ತಿಳಿಯಲಿ ಅಂತ. ಉತ್ತರವಾಗಿ ಬಂದದ್ದು ಹೊಳೆಯುವ ಕಾಗದದ ಕರಪತ್ರ. "ನಮ್ಮ ಇಡೀ ಮಿಷಿಗನ್‌ಗಾಗಿ" ಅಂತ ದಪ್ಪಕ್ಷರ, ಕೆಳಗೆ ರಾಜ್ಯದ ನಕ್ಷೆ. ನಕ್ಷೆಯಲ್ಲಿ ಸರೋವರದ ದೊಡ್ಡ ಸೇತುವೆಯ ಆಚೆಗಿನ, ದಕ್ಷಿಣದ ಅರ್ಧ ರಾಜ್ಯವಿತ್ತು. ಈಚೆಗಿನ, ಉತ್ತರದ ನಾವಿರಲಿಲ್ಲ. ನಾವಿರಬೇಕಾದ ಜಾಗದಲ್ಲಿ ಅವಳ ಫೋಟೋ ಇತ್ತು. ನೀನು ಅದನ್ನು ಮಡಿಸಿ ಒಲೆಗೆ ಹಾಕಿದೆ. "ಈ ಸಲ ನಾನು ಓಟು ಹಾಕಲ್ಲ ಸೈಮಾ. ಪಂದ್ಯಾನೂ ಕಟ್ಟಲ್ಲ. ಹಿಮ ಬಿದ್ರೆ ಬೀಳ್ಲಿ" ಅಂದೆ.

ನಾನು ನಗಿಸಲು ನೋಡಿದೆ. ಸೋಲುವ ಭಯವಾ ಅಂತ ಕೆಣಕಿದೆ. ನನ್ನ ವಿಸ್ನೆವ್ಸ್ಕಿಯನ್ನು ನೀನು ಬೈಯಬೇಕು ಅಂತ ಊಟದ ಹೊತ್ತಿನಲ್ಲಿ ಬೇಕೆಂದೇ ಅವನನ್ನು ಹೊಗಳಿದೆ. "ಒಳ್ಳೆಯವನಿರಬೋದು" ಅಂದೆ ನೀನು. ಅಷ್ಟೇ. ಮೂವತ್ತೊಂಬತ್ತು ವರ್ಷದಲ್ಲಿ ನನ್ನ ಪಕ್ಷದವನೊಬ್ಬನನ್ನು ನೀನು ಒಳ್ಳೆಯವನಿರಬಹುದು ಅಂದದ್ದು ಅದೇ ಮೊದಲು, ಅದನ್ನು ಕೇಳಿ ನನಗೆ ಹೆದರಿಕೆಯಾಯಿತು. ಮೇ ತಿಂಗಳಲ್ಲಿ ಕ್ಯಾಂಪಿನ ಚಾವಣಿ ಸೋರುತ್ತಿದೆ, ರಿಪೇರಿ ಮಾಡಿ ಬರುತ್ತೇನೆ ಅಂತ ಹೋದೆ. ನೀನು ಹೋದ ದಿನ ನನಗೆ ಒಂಟಿತನ ಶುರುವಾಯಿತು ಅಂದುಕೊಂಡಿದ್ದರೆ ತಪ್ಪು. ಅದು ಶುರುವಾದದ್ದು ನೀನು ಇದೇ ಮೇಜಿನ ಎದುರು ಕೂತು, ಪಂದ್ಯ ಕಟ್ಟಲ್ಲ ಅಂದ ದಿನ. ಆಮೇಲೆ ಎರಡು ತಿಂಗಳು ನಾವಿಬ್ಬರೂ ಒಂದೇ ಮನೆಯಲ್ಲಿ ಒಬ್ಬೊಬ್ಬರೇ ಇದ್ದೆವು.

ಊರವರಿಗೆ ಚಾವಣಿಯ ಕಥೆಯನ್ನೇ ಹೇಳಿದೆ. ಜೂನಿನಲ್ಲಿ ಕೇಳಿದವರಿಗೆ ಹಲಗೆ ಬಂದಿಲ್ಲ ಅಂದೆ. ಜುಲೈನಲ್ಲಿ ಮಳೆ ಅಂದೆ. ಆಗಸ್ಟಿನಲ್ಲಿ ಪಾದ್ರಿಗಳು ವಿಚಾರಿಸಿದಾಗ ಸೊಳ್ಳೆ ಅಂದುಬಿಟ್ಟೆ. ಚಾವಣಿಗೂ ಸೊಳ್ಳೆಗೂ ಏನು ಸಂಬಂಧ ಅಂತ ಅವರು ಕೇಳಲಿಲ್ಲ, ದೇವರಂಥ ಮನುಷ್ಯ. ಸೆಪ್ಟೆಂಬರಿನಲ್ಲಿ ಬೋರ್ಡುಗಳು ಏಳಲು ಶುರುವಾದಾಗ ನನಗೆ ನಿಜವಾದ ಕಷ್ಟ ಬಂತು. ನಮ್ಮ ಅಂಗಳದಲ್ಲಿ ನನ್ನದೊಂದೇ ಬೋರ್ಡು ನಿಂತರೆ ಊರಿಗೆ ಡಂಗುರ ಹೊಡೆದ ಹಾಗೆ. ಅದಕ್ಕೇ ನಿನ್ನ ಪಕ್ಷದವರು ಬೋರ್ಡು ಹಂಚುವ ಟೇಬಲ್ಲಿಗೆ ನಾನೇ ಹೋದೆ. ಸ್ಕಾರ್ಫು ಮುಖದವರೆಗೆ ಎಳೆದುಕೊಂಡು, ಕಳ್ಳಸಾಗಣೆ ಮಾಡುವವಳ ಹಾಗೆ. ಟೇಬಲ್ಲಿನಲ್ಲಿದ್ದ ಹುಡುಗಿ ನಾನು ಶಾಲೆಯ ಅಡುಗೆಮನೆಯಲ್ಲಿ ಅನ್ನ ಹಾಕಿ ಬೆಳೆಸಿದವಳು. "ಮಿಸೆಸ್ ಲಹ್ತಿ! ಕೊನೆಗೂ ನಮ್ಮ ಕಡೆ ಬಂದ್ರಾ?" ಅಂತ ಕಿರುಚಿದಳು. "ಬಾಯ್ಮುಚ್ಚು, ಇದು ಆರ್ವೊಗೆ" ಅಂದೆ. ನೀಲಿ ಬೋರ್ಡನ್ನು ಕಾರಿನ ಡಿಕ್ಕಿಯಲ್ಲಿ ಆಲೂಗಡ್ಡೆ ಚೀಲದ ಕೆಳಗೆ ಇಟ್ಟುಕೊಂಡು ಬಂದು ನೆಟ್ಟೆ. ನಿನಗೆ ಗೊತ್ತಲ್ಲ, ನಮ್ಮ ಅಂಗಳದಲ್ಲಿ ಅಗೆದಲ್ಲೆಲ್ಲ ಕಲ್ಲು. ನನ್ನ ಬೋರ್ಡನ್ನೂ ಯಾವಾಗಲೂ ನೀನೇ ನೆಟ್ಟುಕೊಡುತ್ತಿದ್ದೆ, ಬೈಯುತ್ತಲೇ. ಈ ಸಲ ಎರಡೂ ವಾಲಿಕೊಂಡೇ ನಿಂತವು.

ಈಗ ಬುಧವಾರದ ಕಥೆ. ಡೇಲ್ ನಿನಗೆ ಹೇಳಿರಬಹುದು, ಆದರೆ ಅವನು ಹೇಳುವುದರಲ್ಲಿ ಅರ್ಧ ಅವನ ಸ್ವಂತದ್ದು. ಡೈಕ್‌ಹೌಸ್ ನಮ್ಮ ಟೌನ್‌ಶಿಪ್ ಹಾಲಿಗೆ ಬಂದಿದ್ದಳು, ಪ್ಯಾಸ್ಟಿ ಊಟಕ್ಕೆ. ನನ್ನ ವಿಸ್ನೆವ್ಸ್ಕಿ ಅದರ ಹಿಂದಿನ ವಾರ ಬರಬೇಕಿತ್ತು. ಅವನ ಪ್ರಚಾರದ ಬಸ್ಸು ಸೇತುವೆಯವರೆಗೆ ಬಂತಂತೆ, ಗಾಳಿ ಜೋರಿದೆ ಅಂತ ಅಲ್ಲಿಂದಲೇ ತಿರುಗಿತಂತೆ. ಅವತ್ತು ನಮ್ಮಲ್ಲಿ ಒಂದು ಎಲೆಯೂ ಅಲ್ಲಾಡಿರಲಿಲ್ಲ. ಇದನ್ನು ನಿನಗೊಬ್ಬನಿಗೇ ಹೇಳುತ್ತಿದ್ದೇನೆ. ಬೇರೆಯವರ ಮುಂದೆ ನಾನು ಗಾಳಿ ಇತ್ತು ಅಂತಲೇ ವಾದಿಸುತ್ತಿದ್ದೇನೆ.

ಚರ್ಚಿನ ಹೆಂಗಸರೆಲ್ಲ ಬೆಳಿಗ್ಗೆಯಿಂದ ಟೌನ್‌ಶಿಪ್ ಹಾಲಿನ ಅಡುಗೆಮನೆಯಲ್ಲಿ ಹಿಟ್ಟಿನೊಳಗೆ ಮಾಂಸ, ಗೆಡ್ಡೆ ತುಂಬಿ ಪ್ಯಾಸ್ಟಿ ಸುಡುತ್ತಿದ್ದೆವು. ನಾನು ಗೆಡ್ಡೆ ಹೆಚ್ಚುವ ಕಡೆ, ಪಕ್ಕದ ಮನೆಯ ಇಂಪಿ ಹಿಟ್ಟು ಲಟ್ಟಿಸುವ ಕಡೆ. ವಿರೋಧಿಗೆ ಯಾಕೆ ಗೆಡ್ಡೆ ಹೆಚ್ಚುತ್ತೀ ಅಂತ ಇಂಪಿ ಕೇಳಿದಳು. ಚಾಕು ನನ್ನ ಕೈಯಲ್ಲಿರುವುದು ಒಳ್ಳೆಯದಲ್ಲವಾ ಅಂದೆ. ಜಡ್ಜಮ್ಮ ಬಂದಳು, ಎಲ್ಲರ ಕೈ ಕುಲುಕಿದಳು, ಕೂತಳು. ಅವಳ ಜೊತೆ ಬಂದ ಟೈ ಕಟ್ಟಿದ ಯುವಕ ಒಂದು ಡಬ್ಬಿ ತೆಗೆದ. ಅದರಲ್ಲಿ ಗ್ರೇವಿ! ಕೆಳಗೆ ದಕ್ಷಿಣದಿಂದ, ಸೇತುವೆ ದಾಟಿಸಿ, ಗ್ರೇವಿ ತಂದಿದ್ದಾರೆ ಆರ್ವೊ. ಅವಳು ಅದನ್ನು ನಮ್ಮ ಪ್ಯಾಸ್ಟಿಯ ಮೇಲೆ ಸುರಿದುಕೊಂಡಳು. ನಮ್ಮಲ್ಲಿ ಪ್ಯಾಸ್ಟಿಗೆ ಕೆಚಪ್ ಬಿಟ್ಟು ಬೇರೇನೂ ಸೋಕಿಸುವುದಿಲ್ಲ, ಅದರ ಬಾಟಲಿ ಕಣ್ಣೆದುರಿಗೇ ಇತ್ತು. ಇಡೀ ಹಾಲಿನಲ್ಲಿ ಒಂದು ಚಮಚದ ಸದ್ದೂ ಇಲ್ಲ. ಸತ್ತವರ ಮನೆಯಲ್ಲೂ ಅಷ್ಟು ಮೌನ ನೋಡಿಲ್ಲ.

"ಮೇಡಂ," ಅಂದ ಹಿಂದಿನ ಸಾಲಿನಿಂದ ಡೇಲ್, "ನೀವೀಗ ನೂರು ಓಟು ಕಳ್ಕೊಂಡ್ರಿ."

"ನೂರಿಪ್ಪತ್ತು," ಅಂದಳು ಇಂಪಿ. "ಅಡುಗೆಮನೆಯವರನ್ನೂ ಸೇರಿಸ್ಕೊ."

ಎಲ್ಲರೂ ನಕ್ಕರು. ಜಡ್ಜಮ್ಮನೂ ನಕ್ಕಳು. ಕೋಪ ಮಾಡಿಕೊಳ್ಳಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಆಮೇಲೆ ಭಾಷಣ. ಶಾಲೆ, ತೆರಿಗೆ, ಕೆಲಸ. ಕೊನೆಯಲ್ಲಿ ಯಾರಿಗಾದರೂ ಏನಾದರೂ ಕೇಳುವುದಿದೆಯಾ ಅಂದಳು. ನಮ್ಮವರು ಗೊತ್ತಲ್ಲ, ಮನೆಯಲ್ಲಿ ಗುಡುಗುತ್ತಾರೆ, ಹಾಲಿನಲ್ಲಿ ಬೂಟು ನೋಡಿಕೊಂಡು ಕೂರುತ್ತಾರೆ. ಎಲ್ಲರೂ ಬೂಟು ನೋಡುತ್ತಿದ್ದರು. ನೀನು ಪ್ರತಿ ಸಲ ಕೂರುವ ಜಾಗ, ಗೋಡೆ ಪಕ್ಕದ ಕುರ್ಚಿ, ಖಾಲಿ ಇತ್ತು. ಅದರ ಮೇಲೆ ಯಾರೋ ಕೋಟು ಹಾಕಿದ್ದರು. ಅದನ್ನು ನೋಡಿ ನನಗೆ ಏನಾಯಿತೋ ಗೊತ್ತಿಲ್ಲ. ಏಪ್ರನ್ನಿನಲ್ಲೇ ಎದ್ದು ನಿಂತೆ.

"ನಾನು ನಿಮಗೆ ಓಟು ಹಾಕೋಳಲ್ಲ," ಅಂತ ಶುರು ಮಾಡಿದೆ. "ಇದು ನನ್ನ ಗಂಡನ ಪ್ರಶ್ನೆ. ಅವನು ಹುಟ್ಟಿದಾಗಿಂದ ನಿಮ್ಮ ಪಕ್ಷ. ಮಾರ್ಚಲ್ಲಿ ನಮ್ಮ ಸ್ನೇಹಿತ ಒಬ್ಬ ತೀರ್ಕೊಂಡ, ಅವನ ರಸ್ತೇಲಿ ಹಿಮ ತೆಗೀತಿರ್ಲಿಲ್ಲ ಅಂತ. ನನ್ನ ಗಂಡ ನಿಮಗೆ ಬರೆದ. ನೀವು ನಕ್ಷೆ ಕಳ್ಸಿದ್ರಿ. ಅದ್ರಲ್ಲಿ ನಾವಿರ್ಲಿಲ್ಲ. ನಾವು ಇದೀವೋ ಇಲ್ವೋ, ಅದೊಂದು ಹೇಳಿ ಸಾಕು."

ಟೈ ಕಟ್ಟಿದವನು ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಲು ಹೋದ, ಅವಳು ಕೈಯಿಂದ ಸರಿಸಿದಳು. ನಕ್ಷೆಯದು ನಮ್ಮ ತಪ್ಪು ಅಂದಳು. "ಬರೀ ತಪ್ಪಲ್ಲ ಮೇಡಂ, ಅರ್ಧ ರಾಜ್ಯ!" ಅಂದ ಡೇಲ್. ಅವಳು ಅವನ ಕಡೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

"ಆ ರಸ್ತೆ ನನಗೆ ಗೊತ್ತಿಲ್ಲ," ಅಂದಳು. "ಗೊತ್ತು ಅಂತ ಸುಳ್ಳು ಹೇಳಲ್ಲ. ಅದು ಕೌಂಟಿಯವರ ಕೆಲಸ, ಗವರ್ನರ್ ಕೈಲಿ ಎಷ್ಟಾಗುತ್ತೆ ಅಂತ ನೋಡದೆ ಮಾತು ಕೊಡೋದೂ ಇಲ್ಲ. ನಿಮ್ಮ ಸ್ನೇಹಿತರ ಹೆಸರೇನು?"

"ಯಾಲ್ಮರ್ ಕೋಸ್ಕಿ."

"ಯಾಲ್ಮರ್ ಕೋಸ್ಕಿ," ಅಂತ ಮೆಲ್ಲಗೆ ಮತ್ತೊಮ್ಮೆ ಹೇಳಿದಳು. ಅಷ್ಟೇ. ಭರವಸೆ ಇಲ್ಲ, ಏನಿಲ್ಲ. ಆದರೆ ಆ ಹಾಲಿನಲ್ಲಿ ಅವನ ಹೆಸರು ಎಲ್ಲರಿಗೂ ಕೇಳಿಸಿತು. ಗಂಡಸರು ಒಬ್ಬೊಬ್ಬರಾಗಿ ಟೋಪಿ ತೆಗೆದರು. ನಾನು ಕೂತುಬಿಟ್ಟೆ. ನಿನಗೆ ಕೇಳಿಸಬೇಕಿತ್ತು ಅದು. ನನ್ನ ಓಟು ಅವಳಿಗಿಲ್ಲ, ಆ ಗ್ರೇವಿಯನ್ನೂ ಕ್ಷಮಿಸುವುದಿಲ್ಲ, ಆದರೆ ಗೊತ್ತಿಲ್ಲ ಅಂತ ಹೇಳಿದ್ದು ನನಗೆ ಹಿಡಿಸಿತು. ನೀನು ಗೊತ್ತಿಲ್ಲ ಅನ್ನುವಾಗಲೂ ಹೀಗೇ ನೇರವಾಗಿ ಅನ್ನುತ್ತೀ.

ಆಗಲೇ ಜಡ್ಜಮ್ಮ, ನಿಮ್ಮ ಯಜಮಾನರು ಇಲ್ಲಿದ್ದಾರಾ, ಅವರನ್ನು ಮಾತಾಡಿಸಬಹುದಾ ಅಂತ ಕೇಳಿಬಿಟ್ಟಳು. ನಾನು ಎಂದಿನ ಹಾಗೆ, ಇಲ್ಲ, ಬೇಟೆ ಕ್ಯಾಂಪಿನ ಚಾವಣಿ ರಿಪೇರಿಗೆ ಹೋಗಿದ್ದಾನೆ ಅಂದೆ. ಹಿಂದಿನಿಂದ ಇಂಪಿಯ ದನಿ ಬಂತು.

"ಮೇ ತಿಂಗಳಿಂದ ಆ ಚಾವಣಿ ಮೇಲೇ ಇದಾನೆ. ಅಲ್ಲೇನು ಗೋಪುರ ಇರೋ ಚರ್ಚ್ ಕಟ್ತಿದಾನಾ ಅಂತ ನೀವಾದ್ರೂ ಕೇಳಿ ಮೇಡಂ!"

ಇಡೀ ಹಾಲು ಗೊಳ್ಳೆಂದಿತು. ಪಾದ್ರಿಗಳೂ ನಕ್ಕರು. ಆ ನಗುವಿನಲ್ಲಿ ಒಬ್ಬರಿಗೂ ಆಶ್ಚರ್ಯವಿರಲಿಲ್ಲ, ಆರ್ವೊ. ಎಲ್ಲರಿಗೂ ಗೊತ್ತಿತ್ತು. ನಾನು ಅಡುಗೆಮನೆಗೆ ಓಡಿಹೋಗಿ ತೊಳೆದ ತಟ್ಟೆಗಳನ್ನೇ ಮತ್ತೆ ತೊಳೆಯತೊಡಗಿದೆ.

ಇಂಪಿ ಹಿಂದೆಯೇ ಬಂದಳು. ಬಟ್ಟೆ ತೆಗೆದುಕೊಂಡು ಪಕ್ಕದಲ್ಲಿ ನಿಂತು ತಟ್ಟೆ ಒರೆಸಿದಳು.

"ಬೈಯೋದಾದ್ರೆ ಬೈದುಬಿಡು," ಅಂದಳು. "ಎಲ್ರಿಗೂ ಮೊದ್ಲಿಂದ ಗೊತ್ತು ಕಣೆ. ನಿನಗೆ ಹೇಳ್ಕೊಳ್ಳೋಕೆ ಇಷ್ಟ ಇಲ್ಲ ಅಂತ ನಾವೂ ಚಾವಣಿ ಚಾವಣಿ ಅಂತ ಇದ್ವಿ. ನನಗೆ ಸಾಕಾಯ್ತು."

"ಅವನಾಗೇ ಬರ್ಲಿ ಅಂತ ಕಾಯ್ತಿದೀನಿ," ಅಂದೆ.

"ಬಾ ಅಂತ ಕರೆದಿದೀಯಾ?"

ನಾನು ತಟ್ಟೆ ಕೆಳಗಿಟ್ಟೆ.

"ನನ್ನ ಗಂಡ ಇವತ್ತು ಬದುಕಿದ್ದು, ಚಾವಣಿ ಅಲ್ಲ, ಮರದ ತುದೀಲಿ ಕೂತಿದ್ರೂ ಕೂಗಿ ಕೂಗಿ ಇಳಿಸ್ಕೊಂಡು ಬರ್ತಿದ್ದೆ," ಅಂದಳು ಇಂಪಿ. "ನಿನ್ನೋನು ಕೂಡುರಸ್ತೆ ದಾಟಿದ್ರೆ ಸಿಕ್ತಾನೆ. ನನ್ನೋನು ಎಲ್ಲಿ ಸಿಕ್ತಾನೆ ಹೇಳು." ಆಮೇಲೆ ಒಂದು ಪ್ಯಾಸ್ಟಿಯನ್ನು ಕಾಗದದಲ್ಲಿ ಸುತ್ತಿ ನನ್ನ ಚೀಲದಲ್ಲಿಟ್ಟಳು, ಅದು ಆರ್ವೊಗೆ, ನೀನು ತಿನ್ನಬೇಡ ಅಂತ. ಫ್ರೀಜರಿನಲ್ಲಿದೆ.

ಅದಕ್ಕೇ ಈ ಕಾಗದ. ಕರೆಯುತ್ತಿದ್ದೇನೆ. ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ, ಆದರೂ ಮೂರು ಪುಟ ಸುತ್ತಿದ್ದೇನೆ ನೋಡು. ಮನೆಗೆ ಬಾ. ಯಾಲ್ಮರ್ ಇಲ್ಲದ ಶನಿವಾರ ನಿನಗೆ ಹೇಗಿರುತ್ತದೋ, ನೀನಿಲ್ಲದ ಏಳೂ ದಿನ ನನಗೆ ಹಾಗಿದೆ. ಅವನ ದುಃಖವನ್ನು ಕಾಡಿಗೆ ಹೊತ್ತುಕೊಂಡು ಹೋದೆ, ಹೋಗಲಿ. ಆದರೆ ಅದರಲ್ಲಿ ನನ್ನ ಪಾಲೂ ಇತ್ತು. ಅವನಿಗೆ ಪ್ರತಿ ಶನಿವಾರ ಏಲಕ್ಕಿ ರೊಟ್ಟಿ ಸುಟ್ಟುಕೊಡುತ್ತಿದ್ದವಳು ನಾನು. ಇಬ್ಬರೂ ಒಂದೇ ಮೇಜಿನ ಎದುರು ಕೂತು ಅಳಬಹುದಿತ್ತು. ಮಾತಾಡದಿದ್ದರೂ ನಡೆಯುತ್ತಿತ್ತು, ಎದುರಿಗೆ ಇದ್ದಿದ್ದರೆ ಸಾಕಿತ್ತು.

ಓಟಿನ ವಿಷಯ ನಾನು ಒತ್ತಾಯ ಮಾಡುವುದಿಲ್ಲ. ಹಾಕು, ಬಿಡು, ನಿನ್ನಿಷ್ಟ. ಆದರೆ ಪಂದ್ಯ ಬೇರೆ. ನೀನು ಕಟ್ಟಲ್ಲ ಅಂದ ಮಾತ್ರಕ್ಕೆ ಪಂದ್ಯ ನಿಲ್ಲುವುದಿಲ್ಲ, ಅದು ನಿಮ್ಮಮ್ಮ ಹಾಕಿದ ಕಟ್ಟಲೆ. ನಿನ್ನ ಪರವಾಗಿ ಬೋರ್ಡು ನೆಟ್ಟಿದ್ದೇನೆ, ಅಂದರೆ ನೀನೂ ಪಂದ್ಯದಲ್ಲಿದ್ದೀ. ವಿಸ್ನೆವ್ಸ್ಕಿ ಗೆದ್ದರೆ ನೀನು ಸೋತ ಹಾಗೆ, ನಾಲ್ಕು ಚಳಿಗಾಲ ಬಂದು ಹಿಮ ಬಾಚಬೇಕು. ಡೈಕ್‌ಹೌಸ್ ಗೆದ್ದರೆ ನಾನು ಬಾಚುತ್ತೇನೆ, ಸೊಂಟ ಮುರಿದರೂ ಬಾಚುತ್ತೇನೆ. ಆದರೆ ಗೆದ್ದವನು ಕಾಫಿ ಮಾಡಬೇಕು, ಕಿಟಕಿಯಲ್ಲಿ ನಿಂತು ತಪ್ಪು ಹುಡುಕಬೇಕು. ಅದೂ ಕಟ್ಟಲೆಯೇ. ಕಾಡಿನಲ್ಲಿ ಕೂತು ನನ್ನ ಅಂಗಳದ ಅಂಚು ಸೊಟ್ಟಗಿದೆಯೋ ನೆಟ್ಟಗಿದೆಯೋ ನಿನಗೆ ಹೇಗೆ ಕಾಣುತ್ತದೆ? ಯಾರು ಗೆದ್ದರೂ ಈ ಮನೆಯಲ್ಲಿ ಇಬ್ಬರು ಬೇಕು. ಒಬ್ಬರೇ ಇದ್ದರೆ ಏನು ಮಾಡಬೇಕು ಅಂತ ನಿಮ್ಮಮ್ಮ ಹೇಳಿಹೋಗಿಲ್ಲ.

ಗುರುವಾರ ಸಂಜೆ ಜೋರು ಗಾಳಿ ಬಂದು ಎರಡು ಬೋರ್ಡೂ ಬಿದ್ದಿದ್ದವು. ನಿನ್ನದನ್ನು ಶುಕ್ರವಾರ ನಾನೇ ಮತ್ತೆ ಎತ್ತಿ ನಿಲ್ಲಿಸಿದೆ. ವಾಲಿದೆ, ಆದರೆ ನಿಂತಿದೆ. ಗುರುವಾರ ರಾತ್ರಿಯೇ ಮೊದಲ ಹಿಮವೂ ಬಿತ್ತು, ತೆಳ್ಳಗೆ, ಹಿಟ್ಟು ಉದುರಿಸಿದ ಹಾಗೆ. ಸಲಿಕೆಗಳು ಗ್ಯಾರೇಜಿನಲ್ಲೇ ಇವೆ. ನಾನಿನ್ನೂ ಮುಟ್ಟಿಲ್ಲ, ಫಲಿತಾಂಶ ಬರಲಿ.

ಇಂತಿ,
ನಿನ್ನ ಮನೆಯ ವಿರೋಧ ಪಕ್ಷ,
ಸೈಮಾ

ತಾ.ಕ.: ಇದನ್ನು ಬರೆಯದೆ ಬಿಡೋಣ ಅಂದುಕೊಂಡಿದ್ದೆ. ಆಗಲಿಲ್ಲ. ಬೋರ್ಡು ಎರಡೂ ಬಿದ್ದಿದ್ದವು ಅಂದೆನಲ್ಲ, ಶುಕ್ರವಾರ ಬೆಳಿಗ್ಗೆ ಪರದೆ ಸರಿಸಿದರೆ ನನ್ನದು ನೆಟ್ಟಗೆ ನಿಂತಿತ್ತು. ಬುಡಕ್ಕೆ ಕಲ್ಲು ಒತ್ತಿಟ್ಟಿತ್ತು, ನೀನು ಯಾವಾಗಲೂ ಇಡುವ ಹಾಗೆ ಚಪ್ಪಟೆ ಮುಖ ಒಳಗಡೆಗೆ. ನಿನ್ನದು ಮಾತ್ರ ಬಿದ್ದ ಹಾಗೇ ಬಿದ್ದಿತ್ತು. ಇಂಪಿಯನ್ನು, ನೀನೇ ಎತ್ತಿದೆಯಾ ಅಂತ ಕೇಳಿದೆ. ನನಗೆ ಬೇರೆ ಕೆಲಸ ಇಲ್ವಾ ಅಂದಳು. ಬುಧವಾರದ ಸುದ್ದಿಯನ್ನು ಡೇಲ್ ಗುರುವಾರವೇ ಕ್ಯಾಂಪಿನವರೆಗೆ ಬಂದು ನಿನಗೆ ಮುಟ್ಟಿಸಿದ್ದಾನೆ ಅಂತ ಆಗ ಗೊತ್ತಾಯಿತು. ಹಿಮದ ಮೇಲೆ ಹೆಜ್ಜೆಗಳಿದ್ದವು. ಬೋರ್ಡಿನಿಂದ ಮುಂಬಾಗಿಲಿನ ಮೆಟ್ಟಿಲವರೆಗೆ ಬಂದು, ಅಲ್ಲಿ ತುಂಬಾ ಹೊತ್ತು ನಿಂತ ಹಾಗೆ ತುಳಿದಾಡಿ, ಹಿಂದಕ್ಕೆ ಹೋಗಿವೆ. ಎಡಗಾಲಿನ ಹಿಮ್ಮಡಿ ಎಳೆದ ಗುರುತಿದೆ. ಲಾರಿಯಿಂದ ಜಾರಿ ಬಿದ್ದ ಮೇಲೆ ನೀನು ಹಾಗೆ ನಡೆಯುವುದು. ಆ ಕಡೆ ಬಿಸಿಲು ಬೀಳುವುದಿಲ್ಲವಾದ್ದರಿಂದ ಅವು ಇನ್ನೂ ಹಾಗೇ ಇವೆ. ತುಳಿದುಬಿಡುತ್ತೇನೆ ಅಂತ ನಾನು ಹಿಂದಿನ ಬಾಗಿಲಿನಿಂದ ಓಡಾಡುತ್ತಿದ್ದೇನೆ. ಬಾಗಿಲಿಗೆ ಚಿಲಕ ಹಾಕಿಲ್ಲ, ಅವತ್ತೂ ಹಾಕಿರಲಿಲ್ಲ. ಮೇಲಿನ ಮೆಟ್ಟಿಲು ಇನ್ನೂ ಅಲುಗಾಡುತ್ತದೆ, ಹುಷಾರಾಗಿ ಹತ್ತು.